ಪಾಲ್ ನಾರ್ಡಾಫ್: ವಿಶೇಷ ಮಕ್ಕಳ ಸಂಗೀತ ಗುರು

ಸ್ವಲೀನತೆ ಅಥವಾ ಆಟಿಸಂ ಹೊಂದಿರುವ ಮಕ್ಕಳ ಪಾಲನೆ ಮತ್ತು ಶಿಕ್ಷಣದಲ್ಲಿ ಸಂಗೀತವನ್ನು ಕ್ರಮಬದ್ಧವಾಗಿ ಬಳಸಿದ ಆದ್ಯರಲ್ಲಿ ಪಾಲ್ ನಾರ್ಡಾಫ್ ಅವರು ಪ್ರಮುಖರು. ಪೋಷಕರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ನಾರ್ಡಾಫ್ ಅವರು 1909ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಪಿಯಾನೋ ವಾದನ ಹಾಗೂ ಸಂಗೀತ ಸಂಯೋಜನೆಯಲ್ಲಿ ಉನ್ನತ ಶಿಕ್ಷಣ ಪಡೆದು, 1933 ಮತ್ತು 1935ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಗೌರವಕ್ಕೆ ಪಾತ್ರರಾದರು. ನಂತರ ಬಾರ್ಡ್ ಕಾಲೇಜಿನಲ್ಲಿ ಸಂಗೀತ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು.

ಬದುಕಿನ ತಿರುವು

1958ರಲ್ಲಿ ಯೂರೋಪ್ ಪ್ರವಾಸ ಕೈಗೊಂಡಿದ್ದಾಗ ಅವರು ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿರುವ ಸನ್‌ಫೀಲ್ಡ್ ಎಂಬ ವಿಶೇಷ ಮಕ್ಕಳ ವಸತಿ ಸಂಸ್ಥೆಗೆ ಭೇಟಿ ನೀಡಿದರು. ಮಾತಿಗೆ ಓಗೊಡದ ಮಕ್ಕಳು ಸಂಗೀತಕ್ಕೆ ಸ್ಪಂದಿಸುವುದು ಅವರ ಮನಸ್ಸನ್ನು ಕಲಕಿತು. ಇಂತಹ ಅನೇಕ ಮಕ್ಕಳನ್ನು ಶಿಕ್ಷಣಕ್ಕೆ ಅನರ್ಹರೆಂದು ವರ್ಗೀಕರಿಸಿ ಶಾಲೆಯಿಂದ ಹೊರಗಿಡುವ ಪದ್ಧತಿ ಆಗ ಇಂಗ್ಲೆಂಡಿನಲ್ಲಿ ಜಾರಿಯಲ್ಲಿತ್ತು. ಅದನ್ನು ಕೊನೆಗಾಣಿಸಿದ್ದು 1970ರ ಕಾಯಿದೆ. ಐವತ್ತರ ಅಂಚಿನಲ್ಲಿದ್ದ ನಾರ್ಡಾಫ್ ಅವರು ಪ್ರಾಧ್ಯಾಪಕ ಹುದ್ದೆಯ ಭದ್ರತೆಯನ್ನು ತೊರೆದು, ಈ ಮಕ್ಕಳ ಸೇವೆಗೆ ತಮ್ಮನ್ನು ಅರ್ಪಿಸಿಕೊಂಡರು.

ಕಾರ್ಯವಿಧಾನ

1959ರಲ್ಲಿ ಸನ್‌ಫೀಲ್ಡ್‌ನ ಶಿಕ್ಷಕ ಕ್ಲೈವ್ ರಾಬಿನ್ಸ್ ಅವರು ಜೊತೆಗೂಡಿದರು. ನಾರ್ಡಾಫ್ ಅವರು ಪಿಯಾನೋ ಮುಂದೆ ಕುಳಿತರೆ, ರಾಬಿನ್ಸ್ ಅವರು ಮಗುವಿನ ಬಳಿಯಿದ್ದು ನೆರವಾಗುತ್ತಿದ್ದರು. ಮಗು ಡೋಲು ಬಡಿಯಲಿ, ಕೂಗಲಿ, ಅಳಲಿ, ಅದೇ ಲಯ ಮತ್ತು ಸ್ಥಾಯಿಯನ್ನು ಹಿಡಿದು ನಾರ್ಡಾಫ್ ಅವರು ಸ್ಥಳದಲ್ಲಿಯೇ ಸಂಗೀತ ರಚಿಸುತ್ತಿದ್ದರು. ಮಗುವನ್ನು ತಿದ್ದುವುದಕ್ಕೆ ಮೊದಲು ಅದನ್ನು ಆಲಿಸುವುದು ಈ ವಿಧಾನದ ತಿರುಳು. ಪಾಠದ ಅವಧಿಗಳನ್ನು ಧ್ವನಿಮುದ್ರಿಸಿ, ಮತ್ತೆ ಮತ್ತೆ ಕೇಳಿ, ಮಗುವಿನ ಪ್ರಗತಿಯನ್ನು ದಾಖಲಿಸಲಾಗುತ್ತಿತ್ತು. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಕ್ಕಳ ಮನೋವೈದ್ಯ ವಿಭಾಗದಲ್ಲಿಯೂ ಈ ಕಾರ್ಯ ಮುಂದುವರಿಯಿತು. 1971ರಲ್ಲಿ ಇಬ್ಬರೂ ಸೇರಿ ವಿಶೇಷ ಶಿಕ್ಷಣದಲ್ಲಿ ಸಂಗೀತ ಚಿಕಿತ್ಸೆ ಕುರಿತ ಗ್ರಂಥವನ್ನು ಪ್ರಕಟಿಸಿದರು. ನಾರ್ಡಾಫ್ ಅವರು 1977ರಲ್ಲಿ ಜರ್ಮನಿಯಲ್ಲಿ ನಿಧನರಾದರು.

ಓದಿನ ಕಲಿಕೆಗೆ ಇದರ ಉಪಯುಕ್ತತೆ

ನಾರ್ಡಾಫ್ ಅವರು ಮಕ್ಕಳಿಗಾಗಿ ಸರಳ ಪದಗಳ ಹಾಡುಗಳನ್ನೂ ರಚಿಸಿದರು. ಹಾಡು ಪದವನ್ನು ಬಿಡಿಸಿ, ನಿಧಾನಗೊಳಿಸಿ, ಪುನರಾವರ್ತಿಸುತ್ತದೆ. ಸಾಲಿನ ಕೊನೆಯ ಪದವನ್ನು ಹಾಡದೆ ಬಿಟ್ಟಾಗ ಅದನ್ನು ತುಂಬಲು ಮಗುವಿಗೆ ಅವಕಾಶ ದೊರೆಯುತ್ತದೆ. ಕನ್ನಡ ಲಿಪಿಯು ಅಕ್ಷರಪ್ರಧಾನವಾದುದರಿಂದ, ಕಮಲ ಎಂಬ ಪದಕ್ಕೆ ಮೂರು ಬಾರಿ ಚಪ್ಪಾಳೆ ತಟ್ಟುತ್ತಾ ಮೂರು ಅಕ್ಷರಗಳನ್ನು ತೋರಿಸಬಹುದಾಗಿದೆ. ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುವ ಮಕ್ಕಳಿಗೆ ಧ್ವನಿಯನ್ನು ತಗ್ಗಿಸುವುದು ಅಗತ್ಯ.

ಸಂಗೀತವು ಸ್ವಲೀನತೆಯನ್ನು ಗುಣಪಡಿಸುವ ಔಷಧವಲ್ಲ. ಒಂಬತ್ತು ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಗೀತ ಚಿಕಿತ್ಸೆಯಿಂದ ಸ್ವಲೀನತೆಯ ಲಕ್ಷಣಗಳ ತೀವ್ರತೆಯಲ್ಲಿ ಗಮನಾರ್ಹ ಇಳಿಕೆ ಕಂಡುಬಂದಿಲ್ಲ. ಆದುದರಿಂದ ಗುಣಪಡಿಸುವ ಭರವಸೆ ನೀಡುವವರಿಗೆ ಹಣ ತೆತ್ತು ಪೋಷಕರು ಮೋಸಹೋಗಬಾರದು. ವಾಕ್ ಚಿಕಿತ್ಸೆ ಮತ್ತು ವಿಶೇಷ ಶಿಕ್ಷಣದ ಜೊತೆಗೆ ಸಂಗೀತವನ್ನು ಪೂರಕವಾಗಿ ಬಳಸುವುದು ಸೂಕ್ತ.

ಪೋಷಕರ ಗಮನಕ್ಕೆ

ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲಿ ಗುರುತಿಸಲಾದ 21 ವಿಧದ ಅಂಗವೈಕಲ್ಯಗಳಲ್ಲಿ ಸ್ವಲೀನತೆಯೂ ಸೇರಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಪ್ರಮಾಣೀಕರಿಸಲ್ಪಟ್ಟ 6ರಿಂದ 18 ವರ್ಷದೊಳಗಿನ ಮಕ್ಕಳು ನೆರೆಹೊರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕು ಹೊಂದಿರುತ್ತಾರೆ. ನಾರ್ಡಾಫ್ ಅವರ ಕಾಲದ ಎಷ್ಟೋ ಮಕ್ಕಳಿಗೆ ಮುಚ್ಚಿದ್ದ ಶಾಲೆಯ ಬಾಗಿಲು ಇಂದು ಕಾನೂನಿನ ಬಲದಿಂದ ತೆರೆದಿದೆ. ಮಗುವಿನ ವೈಕಲ್ಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗಾಗಿ ವಿಳಂಬವಿಲ್ಲದೆ ಅರ್ಜಿ ಸಲ್ಲಿಸಿ, ಈ ಸೌಲಭ್ಯವನ್ನು ಪಡೆದುಕೊಳ್ಳಲು ಕೋರಲಾಗಿದೆ.