ನಿಕೊಲಾಯ್ ಮೆಡ್ಟ್ನರ್

ನಿಕೊಲಾಯ್ ಕಾರ್ಲೊವಿಚ್ ಮೆಡ್ಟ್ನರ್ (ಜನನ: ಜನವರಿ ೫, ೧೮೮೦, ಮಾಸ್ಕೋ, ಮರಣ: ನವೆಂಬರ್ ೧೩, ೧೯೫೧, ಲಂಡನ್) ಇಪ್ಪತ್ತನೆಯ ಶತಮಾನದ ಪ್ರಮುಖ ರಷ್ಯನ್ ಸಂಗೀತ ರಚನಕಾರರಲ್ಲಿ ಹಾಗೂ ಪಿಯಾನೊ ವಾದಕರಲ್ಲಿ ಒಬ್ಬರು. ತಮ್ಮ ಕಾಲದ ನವ್ಯ ಸಂಗೀತವನ್ನು ಒಪ್ಪದ ಇವರು ಬದುಕಿರುವಾಗಲೇ ಬಹುಮಟ್ಟಿಗೆ ಮರೆತುಹೋದವರಾದರು. ಇವರ ಅನೇಕ ಕೃತಿಗಳು ಇವರದೇ ವಾದನದಲ್ಲಿ ಧ್ವನಿಮುದ್ರಣಗೊಂಡು ಉಳಿದದ್ದು ಮೈಸೂರಿನ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ ಅವರ ನೆರವಿನಿಂದ.

ಬಾಲ್ಯ ಮತ್ತು ಶಿಕ್ಷಣ

ಮೆಡ್ಟ್ನರರ ಮೊದಲ ಸಂಗೀತ ಗುರು ಅವರ ತಾಯಿ. ಮುಂದೆ ಮಾಸ್ಕೋ ಕನ್ಸರ್ವೇಟರಿಯನ್ನು ಸೇರಿ, ಸಫೋನೊವ್ ಮುಂತಾದವರಲ್ಲಿ ಅಭ್ಯಾಸ ಮಾಡಿ, ೧೯೦೦ರಲ್ಲಿ ಶಿಕ್ಷಣವನ್ನು ಪೂರೈಸಿದರು. ವಾದಕರಾಗಿ ಹೆಸರು ಮಾಡುವ ಎಲ್ಲ ಅವಕಾಶವೂ ಅವರ ಮುಂದಿತ್ತು. ಆದರೆ ಆ ದಾರಿಯನ್ನು ಬಿಟ್ಟು ಸಂಗೀತ ರಚನೆಯನ್ನೇ ಮುಖ್ಯ ವೃತ್ತಿಯಾಗಿ ಆರಿಸಿಕೊಂಡರು. ಗುರು ತನೇಯೆವ್ ಮತ್ತು ಅಣ್ಣ ಎಮಿಲ್ ಈ ನಿರ್ಧಾರವನ್ನು ಬೆಂಬಲಿಸಿದರು. ಬೇತೊವೆನ್ನನ ಕೃತಿಗಳು ಅವರಿಗೆ ಕೊನೆಯವರೆಗೂ ಆದರ್ಶವಾಗಿದ್ದವು.

ಎಮಿಲ್ ಅವರ ಪತ್ನಿಯಾಗಿದ್ದ ಅನ್ನಾ ಅವರೊಡನೆ ನಿಕೊಲಾಯ್ ಅವರಿಗೆ ಅನುರಾಗ ಬೆಳೆದಿತ್ತು. ಕುಟುಂಬದ ಒಳಗೆ ಬಹುಕಾಲ ನೋವಿಗೆ ಕಾರಣವಾದ ಈ ಸಂಬಂಧ, ಎಮಿಲ್ ಅವರು ಪತ್ನಿಯನ್ನು ಬಿಟ್ಟುಕೊಟ್ಟ ಮೇಲೆ, ಮೊದಲ ಮಹಾಯುದ್ಧದ ನಂತರ ವಿವಾಹದಲ್ಲಿ ನೆಲೆಗೊಂಡಿತು.

ದೇಶಾಂತರ

ಕ್ರಾಂತಿಯ ನಂತರ, ೧೯೨೧ರಲ್ಲಿ, ದಂಪತಿಗಳು ರಷ್ಯಾವನ್ನು ತೊರೆದರು. ಜರ್ಮನಿಯಲ್ಲಿ ಅವರ ಸಂಗೀತಕ್ಕೆ ನಿರೀಕ್ಷಿಸಿದ ಆದರ ದೊರೆಯಲಿಲ್ಲ. ಆಪ್ತಮಿತ್ರರಾದ ರಖ್ಮನಿನಾಫ್ ಅವರು ೧೯೨೪ರಲ್ಲಿ ಅಮೆರಿಕ ಪ್ರವಾಸವನ್ನು ಏರ್ಪಡಿಸಿಕೊಟ್ಟರು. ಇಬ್ಬರ ಸ್ನೇಹ ಎಂಥದೆಂದರೆ, ರಖ್ಮನಿನಾಫ್ ತಮ್ಮ ನಾಲ್ಕನೆಯ ಪಿಯಾನೊ ಕನ್ಚರ್ಟೊವನ್ನು ಮೆಡ್ಟ್ನರರಿಗೂ, ಮೆಡ್ಟ್ನರ್ ತಮ್ಮ ಎರಡನೆಯದನ್ನು ರಖ್ಮನಿನಾಫರಿಗೂ ಅರ್ಪಿಸಿದ್ದಾರೆ. ನವ್ಯ ಸಂಗೀತದ ವಿರುದ್ಧ ಮೆಡ್ಟ್ನರ್ ಬರೆದ ಗ್ರಂಥವನ್ನು ೧೯೩೫ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದವರೂ ರಖ್ಮನಿನಾಫರೇ. ಆ ಗ್ರಂಥದ ವಾದ ಕಟುವಾದುದು. ಸಮಕಾಲೀನರಿಂದ ಅವರನ್ನು ಇನ್ನಷ್ಟು ದೂರ ಮಾಡಿತೆನ್ನಬೇಕು.

ಅದೇ ಸುಮಾರಿಗೆ ಅವರು ಲಂಡನ್ನಿಗೆ ಬಂದು ನೆಲೆಸಿದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಯಿತು. ಜೊತೆಗೆ ಹೃದ್ರೋಗವೂ ಬಾಧಿಸಿತು. ಆಗ ಅವರಿಗೆ ಆಶ್ರಯವಿತ್ತವರು ಇಂಗ್ಲಿಷ್ ಪಿಯಾನೊ ವಾದಕಿ ಎಡ್ನಾ ಐಲ್ಸ್. ಆ ಸಂಕಷ್ಟದ ದಿನಗಳಲ್ಲಿ ರಚಿತವಾದ ಮೂರನೆಯ ಕನ್ಚರ್ಟೊವನ್ನು ಮೆಡ್ಟ್ನರ್ ೧೯೪೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ವತಃ ನುಡಿಸಿದರು.

ಮೈಸೂರಿನ ನೆರವು

ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದವರು. ಕರ್ನಾಟಕ ಸಂಗೀತದಲ್ಲಿ ೯೪ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಅವರೇ. ಮೆಡ್ಟ್ನರರ ಸಂಗೀತ ಅವರಿಗೆ ಬಹಳ ಪ್ರಿಯವಾಗಿತ್ತು. ಯುದ್ಧಾನಂತರ ಅವರ ಧನಸಹಾಯದಿಂದ ಲಂಡನ್ನಿನಲ್ಲಿ ಮೆಡ್ಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಎಚ್.ಎಂ.ವಿ. ಸಂಸ್ಥೆಯು ೧೯೪೭ರಿಂದ ಧ್ವನಿಮುದ್ರಣವನ್ನು ಕೈಗೊಂಡಿತು. ಅರವತ್ತೇಳರ ಪ್ರಾಯದ, ಹೃದ್ರೋಗದಿಂದ ಬಳಲಿದ್ದ ಮೆಡ್ಟ್ನರ್ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಮೂರೂ ಕನ್ಚರ್ಟೊಗಳನ್ನು ನುಡಿಸಿದರು. ಪಿಯಾನೊ ಕೃತಿಗಳೂ ಹಾಡುಗಳೂ ಮುದ್ರಣಗೊಂಡವು. ಕೆಲವು ಹಾಡುಗಳನ್ನು ಹಾಡಿದವರು ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್. ಈ ಉಪಕಾರಕ್ಕೆ ಕೃತಜ್ಞತೆಯಾಗಿ ಮೆಡ್ಟ್ನರ್ ತಮ್ಮ ಮೂರನೆಯ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು.

ಕೃತಿಗಳು

ಮೆಡ್ಟ್ನರ್ ರಚಿಸಿದ ಎಲ್ಲ ಕೃತಿಗಳಲ್ಲಿಯೂ ಪಿಯಾನೊಗೆ ಸ್ಥಾನವಿದೆ. ಹದಿನಾಲ್ಕು ಪಿಯಾನೊ ಸೊನಾಟಾಗಳು, ಮೂರು ಪಿಟೀಲು ಸೊನಾಟಾಗಳು, ನೂರಕ್ಕೂ ಹೆಚ್ಚು ಹಾಡುಗಳು ಮುಖ್ಯವಾದವು. 'ಸ್ಕಾಜ್ಕಿ', ಅಂದರೆ ಕತೆಗಳು, ಎಂದು ಅವರೇ ಕರೆದ ಕಿರು ರಚನೆಗಳು ಹೆಚ್ಚು ಜನಪ್ರಿಯ. ಹೊಸಬರು ಅವರ ಸಂಗೀತವನ್ನು ಕೇಳಲು ಇವುಗಳಿಂದ ತೊಡಗುವುದು ಒಳ್ಳೆಯದು. ಯೌವನದಲ್ಲಿ ಆರಂಭಿಸಿದ ಪಿಯಾನೊ ಪಂಚವಾದ್ಯ ಕೃತಿಯೊಂದನ್ನು ಅವರು ಮುಗಿಸಿದ್ದು ನಾಲ್ಕು ದಶಕಗಳ ನಂತರ, ಜೀವನದ ಕೊನೆಯ ವರ್ಷಗಳಲ್ಲಿ.

ಪತಿಯ ಮರಣಾನಂತರ, ೧೯೫೮ರಲ್ಲಿ, ಅನ್ನಾ ಮಾಸ್ಕೋಗೆ ಹಿಂದಿರುಗಿದರು. ಮೆಡ್ಟ್ನರರ ಸಮಗ್ರ ಕೃತಿಗಳು ೧೯೫೯ರಿಂದ ೧೯೬೩ರ ಅವಧಿಯಲ್ಲಿ ಅಲ್ಲಿಯೇ ಹನ್ನೆರಡು ಸಂಪುಟಗಳಾಗಿ ಪ್ರಕಟವಾದವು.