ಗೋಳಗುಮ್ಮಟದ ದೊರೆ ಬಿಟ್ಟುಹೋದ ಕೆರೆ

ವಿಜಯಪುರ: ಗೋಳಗುಮ್ಮಟ ಅಂದ ಕೂಡಲೇ ಮಹಮ್ಮದ್ ಆದಿಲ್‌ಶಾಹ ನೆನಪಾಗ್ತಾನೆ. 1627ರಲ್ಲಿ ಪಟ್ಟಕ್ಕೆ ಬಂದಾಗ ಆತ ಇನ್ನೂ ಹುಡುಗ. ಊರು ಬೆಳೀತು, ಪೇಟೆ ತುಂಬಿತು. ತೊರವಿ ಕಡೆಯಿಂದ ಬರೋ ನೀರು ಸಾಲದಾಯ್ತು. ಹೊಳೆ ದೂರ ಇರೋ ಈ ಬಯಲುಸೀಮೆಯಲ್ಲಿ ಆತ ನಂಬಿದ್ದು ಮಳೆನೀರನ್ನ. 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ನೀರು ಪೇಟೆ ಮುಟ್ಟಿತು. ದಾರಿಯುದ್ದ ನಿಂತ ಗಂಜ್ ಗೋಪುರಗಳು ನೀರಿನ ಒತ್ತಡ ತಗ್ಗಿಸಿ, ಹೂಳು ತಡೆದವು.

1656ರಲ್ಲಿ ಆತ ತೀರಿಕೊಂಡು ಗುಮ್ಮಟದ ಕೆಳಗೆ ಮಣ್ಣಾದ. ಕೆರೆ ಇನ್ನೂ ಐತಿ. ಅದಕ್ಕೆ ಮಳೆನೀರು ಬರೋದು ಸುತ್ತಲಿನ ಹೊಲ, ಹಳ್ಳದಿಂದ. ತಿಕೋಟಾ, ಬಬಲೇಶ್ವರದ ಕೆರೆಗಳಿಗೂ ಇದೇ ಲೆಕ್ಕ: ಬದುವಿನಲ್ಲಿ ಗಿಡ ಇದ್ರೆ ಮಣ್ಣು ನಿಲ್ತದ, ಹಳ್ಳ ಒತ್ತುವರಿಯಾಗದಿದ್ರೆ ಕೆರೆ ತುಂಬ್ತದ. ಕೆರೆ ತುಂಬಿದ್ರೆ ಬಾವಿಗೆ ನೀರು, ದ್ರಾಕ್ಷಿಗೆ ಜೀವ, ಅಂಗಡಿಗೆ ಗಿರಾಕಿ.