ಸೂಕ್ಷ್ಮಲೋಕದ ದ್ರಷ್ಟಾರ ಲ್ಯೂವೆನ್‌ಹುಕ್

ಮನುಷ್ಯನ ಜನ್ಮಕ್ಕೆ ಮೂಲ ಯಾವುದು ಎಂಬುದು ಬಹು ಪ್ರಾಚೀನವಾದ ಪ್ರಶ್ನೆ. ಪಂಡಿತರು ಹಳೆಯ ಗ್ರಂಥಗಳಲ್ಲಿ ಅದಕ್ಕೆ ಉತ್ತರವನ್ನು ಅರಸುತ್ತಿದ್ದ ಕಾಲದಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬನು ಅದನ್ನು ಕಣ್ಣಾರೆ ಕಾಣಲು ಹೊರಟನು. ಅವನೇ ಆಂಟನಿ ವಾನ್ ಲ್ಯೂವೆನ್‌ಹುಕ್.

ಅವನು 1632ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಜನಿಸಿದನು. ಬುಟ್ಟಿ ಹೆಣೆಯುತ್ತಿದ್ದ ತಂದೆ ಮಗನ ಎಳವೆಯಲ್ಲಿಯೇ ತೀರಿಕೊಂಡನು. ಹದಿನಾರನೆಯ ವಯಸ್ಸಿನಲ್ಲಿ ಅವನು ಆಮ್‌ಸ್ಟರ್‌ಡ್ಯಾಮ್ ನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿಯನ್ನು ತೆರೆದನು. ವಿಶ್ವವಿದ್ಯಾನಿಲಯದ ಶಿಕ್ಷಣ ಅವನಿಗೆ ದೊರೆಯಲಿಲ್ಲ. ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಅವನಿಗೆ ಬಾರದು. ಆದರೆ ನೂಲಿನ ಎಳೆಗಳನ್ನು ಪರೀಕ್ಷಿಸಲು ವ್ಯಾಪಾರಿಗಳು ಬಳಸುವ ಭೂತಗನ್ನಡಿಯ ಪರಿಚಯ ಅವನಿಗಿತ್ತು. ಕಾಳಿನಷ್ಟು ಚಿಕ್ಕ ಮಸೂರಗಳನ್ನು ತಾನೇ ತಯಾರಿಸಿ, ಎರಡು ಲೋಹದ ತಗಡುಗಳ ನಡುವೆ ಕೂರಿಸಿ, ಅಂಗೈಯಲ್ಲಿ ಹಿಡಿಸುವಂತಹ ಸೂಕ್ಷ್ಮದರ್ಶಕಗಳನ್ನು ಅವನು ನಿರ್ಮಿಸಿದನು. ಉಳಿದುಬಂದಿರುವ ಅಂತಹ ಒಂದು ಉಪಕರಣವು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಅದೇ ಊರಿನಲ್ಲಿ ರೆನಿಯರ್ ದ ಗ್ರಾಫ್ ಎಂಬ ತರುಣ ವೈದ್ಯನಿದ್ದನು. ಸ್ತ್ರೀಯ ಅಂಡಾಶಯದಲ್ಲಿರುವ ಪುಟ್ಟ ಕೋಶಿಕೆಗಳನ್ನು 1672ರಲ್ಲಿ ವರ್ಣಿಸಿ, ಅವುಗಳೇ ಅಂಡಗಳೆಂದು ಅವನು ಭಾವಿಸಿದ್ದನು. 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಲ್ಯೂವೆನ್‌ಹುಕ್‌ನನ್ನು ಪರಿಚಯಿಸಿದವನು ಅವನೇ. ಅದೇ ವರ್ಷ ಆ ವೈದ್ಯನು ಅಕಾಲ ಮರಣಕ್ಕೆ ತುತ್ತಾದನು.

1677ರಲ್ಲಿ ಲೈಡನ್ನಿನ ವಿದ್ಯಾರ್ಥಿಯೊಬ್ಬನು ರೋಗಿಯ ವೀರ್ಯದಲ್ಲಿ ಚಲಿಸುವ ಜೀವಿಗಳಿವೆಯೆಂದು ಲ್ಯೂವೆನ್‌ಹುಕ್‌ನಿಗೆ ತಿಳಿಸಿದನು. ಇದು ರೋಗದ ಲಕ್ಷಣವೋ, ಸಹಜ ಸ್ಥಿತಿಯೋ? ಆರೋಗ್ಯವಂತನ ವೀರ್ಯವನ್ನು ಪರೀಕ್ಷಿಸಿದಾಗ ಅದರಲ್ಲಿಯೂ ಬಾಲವುಳ್ಳ ಅಸಂಖ್ಯಾತ ಅಣುಗಳು ಈಜಾಡುತ್ತಿದ್ದವು. ಈ ವಿಷಯವನ್ನು ಬರೆಯಲು ಅವನು ಸಂಕೋಚಪಟ್ಟನು. ಸಭ್ಯರಿಗೆ ಇದು ಅಸಹ್ಯವೆನಿಸುವುದಾದರೆ ಪ್ರಕಟಿಸಬೇಕಾಗಿಲ್ಲವೆಂದು ಸೊಸೈಟಿಯನ್ನು ಕೇಳಿಕೊಂಡನು. ಆದರೂ ಕಂಡ ಸತ್ಯವನ್ನು ಮುಚ್ಚಿಡಲಿಲ್ಲ. ಮುಂದೆ ನಾಯಿ, ಮೊಲ, ಮೀನು, ಕಪ್ಪೆಗಳಲ್ಲಿಯೂ ವೀರ್ಯಾಣುಗಳನ್ನು ಗುರುತಿಸಿದನು. ಅವು ವೃಷಣಗಳಲ್ಲಿ ಉತ್ಪತ್ತಿಯಾಗುತ್ತವೆಯೆಂದು ತೀರ್ಮಾನಿಸಿದನು.

ಆದರೆ ಕಂಡದ್ದನ್ನು ಅರ್ಥೈಸುವಾಗ ಅವನು ಎಡವಿದನು. ಶಿಶುವಿನ ಮೂಲವೆಲ್ಲ ವೀರ್ಯಾಣುವಿನಲ್ಲಿಯೇ ಇದೆ, ತಾಯಿಯ ಗರ್ಭಾಶಯವು ಪೋಷಣೆಯನ್ನು ಮಾತ್ರ ನೀಡುತ್ತದೆ ಎಂದು ಅವನು ನಂಬಿದನು. ತನ್ನನ್ನು ಲೋಕಕ್ಕೆ ಪರಿಚಯಿಸಿದ ಗೆಳೆಯನ ವಾದವನ್ನೇ ತಳ್ಳಿಹಾಕಿದನು. ಅಷ್ಟು ದೊಡ್ಡ ಕೋಶಿಕೆಯು ಕಿರಿದಾದ ಅಂಡನಾಳದಲ್ಲಿ ಹೇಗೆ ಸಾಗೀತು ಎಂಬುದು ಅವನ ಆಕ್ಷೇಪಣೆ. ಆಕ್ಷೇಪಣೆ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಕೋಶಿಕೆಯು ಅಂಡವಲ್ಲ, ಅಂಡಾಣುವನ್ನು ಒಳಗಿಟ್ಟುಕೊಂಡ ಚೀಲ ಎಂಬುದು ಇಬ್ಬರಿಗೂ ತಿಳಿಯಲಿಲ್ಲ. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ವಾನ್ ಬೇರ್ ಎಂಬ ವಿಜ್ಞಾನಿಯು ನಾಯಿಯ ಅಂಡಾಶಯದ ಕೋಶಿಕೆಯೊಳಗೆ ನಿಜವಾದ ಅಂಡಾಣುವನ್ನು ಕಂಡನು. ತಂದೆಯ ವೀರ್ಯಾಣುವಿನಿಂದ 23, ತಾಯಿಯ ಅಂಡಾಣುವಿನಿಂದ 23 ವರ್ಣತಂತುಗಳು ಕೂಡಿ ಹೊಸ ಜೀವಕ್ಕೆ ನಾಂದಿಯಾಗುತ್ತವೆಯೆಂಬುದು ಇಂದು ತಿಳಿದ ಸಂಗತಿ. ತಾಯಿಯು ಬರಿಯ ನೆಲವಲ್ಲ. ಬೀಜದಲ್ಲಿ ಆಕೆಯದೂ ಸಮಪಾಲು.

1680ರಲ್ಲಿ ಈ ವ್ಯಾಪಾರಿಯು ರಾಯಲ್ ಸೊಸೈಟಿಯ ಸದಸ್ಯನಾದನು. 1698ರಲ್ಲಿ ರಷ್ಯದ ದೊರೆ ಮಹಾನ್ ಪೀಟರನು ಅವನ ಉಪಕರಣಗಳನ್ನು ನೋಡಿ ಬೆರಗಾದನು. 1723ರಲ್ಲಿ, ತೊಂಬತ್ತು ವರ್ಷಗಳ ತುಂಬುಬಾಳನ್ನು ಬಾಳಿ, ಅವನು ಡೆಲ್ಫ್ಟ್‌ನಲ್ಲಿಯೇ ನಿಧನ ಹೊಂದಿದನು. ಅವನ ಊಹೆ ಕಾಲದೊಡನೆ ಅಳಿಯಿತು. ಅವನು ಕಂಡು ಬರೆದಿಟ್ಟ ನೋಟ ಅಳಿಯಲಿಲ್ಲ.